ಹಳ್ಳಿಮನೆ, ತಿಳಿನೀರು, ಚಳಿಜ್ವರ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಳೆಗಾಲ ಕಾಲಿಟ್ಟಾಗಿನಿಂದ ಮಲೇರಿಯಾ ಕುರಿತ ಪತ್ರಗಳು ಬರುತ್ತಲೇ ಇವೆ. ಹೆಚ್ಚಿನವು ಹಳ್ಳಿಗಳಿಂದ ಬಂದವು. ಬಹಳಷ್ಟು ಪತ್ರಗಳಲ್ಲಿ ಇರುವುದು ಒಂದೇ ಚಿಂತೆ: ಅದೇ ಊರು, ಅದೇ ಓಣಿ, ಆದರೂ ಕೆಲವು ಮನೆಗಳಿಗೇ ಈ ಜ್ವರ ಮತ್ತೆ ಮತ್ತೆ ಯಾಕೆ? ಉತ್ತರ ಬಹುಮಟ್ಟಿಗೆ ಆ ಮನೆಯ ರಾತ್ರಿಯಲ್ಲಿದೆ. ಯಾರು ಎಲ್ಲಿ ಮಲಗುತ್ತಾರೆ, ದನ ಎಲ್ಲಿ ಕಟ್ಟುತ್ತಾರೆ, ಗೋಡೆಗೂ ಮಾಡಿಗೂ ನಡುವೆ ಎಷ್ಟು ಸಂದಿದೆ, ಎಷ್ಟು ದೂರದಲ್ಲಿ ನೀರು ನಿಂತಿದೆ, ಮನೆಗೆ ಯಾರು ಯಾವ ಊರಿಂದ ಬಂದಿದ್ದಾರೆ ಎಂಬುದರಲ್ಲಿ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿದ್ದರಿಂದ ತಾಲ್ಲೂಕನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಓಣಿಯ ಚರಂಡಿಗೆ ಪಂಚಾಯಿತಿಯವರು ಬ್ಲೀಚಿಂಗ್ ಪೌಡರ್ ಹಾಕಿಸಿದರು, ಎರಡು ಸಲ ಹೊಗೆಯನ್ನೂ ಬಿಡಿಸಿದರು. ಆದರೂ ಪಕ್ಕದ ಮನೆಯಲ್ಲಿ ಇಬ್ಬರಿಗೆ ಮಲೇರಿಯಾ ಬಂತು. ಎಲ್ಲಿ ತಪ್ಪಾಯಿತು? (ಸಿಂಧನೂರು ತಾಲ್ಲೂಕು)

ಉತ್ತರ: ಚರಂಡಿ ಸ್ವಚ್ಛ ಮಾಡಿಸಿದ್ದು ಒಳ್ಳೆಯದೇ. ಆದರೆ ಮಲೇರಿಯಾ ಸೊಳ್ಳೆ ಹುಟ್ಟುವುದು ಅಲ್ಲಲ್ಲ. ಕೊಳಕು ನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ, ಅದು ಆನೆಕಾಲು ರೋಗ ಹರಡುವ ಜಾತಿ. ಮಲೇರಿಯಾ ಹರಡುವುದು ಅನಾಫಿಲಿಸ್, ಅದಕ್ಕೆ ಬೇಕಾದದ್ದು ತಿಳಿನೀರು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಈ ಕೆಲಸ ಮಾಡುವ ಮುಖ್ಯ ಜಾತಿಯ ಹೆಸರು ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಕಾಲುವೆಯಿಂದ ಜಿನುಗಿ ನಿಂತ ನೀರು, ಹರಿವಿಲ್ಲದ ಹೊಲಗಾಲುವೆ, ನಾಟಿ ಮಾಡಿದ ಹೊಸತರಲ್ಲಿ ಪೈರು ಗಿಡ್ಡಗಿರುವ ಗದ್ದೆ, ಬೇಸಿಗೆಯಲ್ಲಿ ಹಳ್ಳದ ಮರಳಿನ ನಡುವೆ ಉಳಿದ ಗುಂಡಿ, ಬಳಕೆ ತಪ್ಪಿದ ಬಾವಿ, ಮಣ್ಣು ತೆಗೆದ ಕುಣಿ, ಇವು ಅದರ ತವರು. ಮಲೆನಾಡಿನಲ್ಲಿ ಇದರ ಜಾಗಕ್ಕೆ ಫ್ಲೂವಿಯಾಟಿಲಿಸ್ ಬರುತ್ತದೆ. ಅದು ನಿಧಾನವಾಗಿ ಹರಿಯುವ ಹಳ್ಳದ ಅಂಚಿನ ಹುಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಪಟ್ಟಣಗಳಲ್ಲಿ ಸ್ಟೀಫೆನ್ಸಿ, ಅದಕ್ಕೆ ನೀರಿನ ಟ್ಯಾಂಕು, ಸಂಪು, ಕಟ್ಟಡಕ್ಕೆ ಕ್ಯೂರಿಂಗ್ ಮಾಡುವ ನೀರು ಸಾಕು.

ನಿಮ್ಮ ಊರ ನೀರಿನಲ್ಲಿ ಯಾವ ಸೊಳ್ಳೆ ಇದೆ ಎಂದು ನೀವೇ ನೋಡಬಹುದು. ಉದ್ದ ಹಿಡಿಯ ಬಿಳಿ ಸೌಟು, ಅಥವಾ ಬಿಳಿ ಪ್ಲಾಸ್ಟಿಕ್ ಮಗ್ಗು ಬೇಕು. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ನಿಲ್ಲಿ. ನೆರಳು ಬಿದ್ದರೆ ಮರಿಗಳು ತಳಕ್ಕೆ ಇಳಿದುಬಿಡುತ್ತವೆ, ಆಗ ಒಂದೆರಡು ನಿಮಿಷ ಕಾಯಬೇಕು. ಅಂಚಿನ ಹುಲ್ಲು, ಪಾಚಿ ಇರುವ ಕಡೆ ಸೌಟನ್ನು ಓರೆಯಾಗಿ ಮೆಲ್ಲನೆ ಅದ್ದಿ ಎತ್ತಿ. ಬೇರೆ ಬೇರೆ ಜಾಗದಲ್ಲಿ ಹತ್ತು ಸಲ ಹೀಗೆ ಮಾಡಿ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಅಂಟಿಕೊಂಡು, ಒಣಹುಲ್ಲಿನ ಸಣ್ಣ ಚೂರು ತೇಲಿದ ಹಾಗೆ ಚಪ್ಪಟೆಯಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಮತ್ತು ಡೆಂಗಿ ಸೊಳ್ಳೆಯ ಮರಿಗಳು ಬಾಲದ ತುದಿಯ ಕೊಳವೆಯನ್ನಷ್ಟೇ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಗೊಂದಲವಾಗುವುದಿಲ್ಲ. ಬೆಳೆದ ಸೊಳ್ಳೆಯ ಗುರುತೂ ಸುಲಭ: ಗೋಡೆಯ ಮೇಲೆ ಕೂತಾಗ ಅನಾಫಿಲಿಸ್ ತಲೆ ಬಗ್ಗಿಸಿ, ಹಿಂಭಾಗ ಎತ್ತಿ, ಮುಳ್ಳು ಚುಚ್ಚಿಟ್ಟಂತೆ ಓರೆಯಾಗಿ ಕೂರುತ್ತದೆ. ಉಳಿದವು ಬೆನ್ನು ಗೂನಾಗಿಸಿ ಗೋಡೆಗೆ ಒರಗಿದಂತೆ ಕೂರುತ್ತವೆ.

ಬೆಚ್ಚನೆಯ ದಿನಗಳಲ್ಲಿ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಎಂಟರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು ಅದಕ್ಕೇ. ದನದ ಬಾನಿ, ಸಿಮೆಂಟ್ ತೊಟ್ಟಿ, ಬಚ್ಚಲ ಹಂಡೆ, ಬೋರ್‌ವೆಲ್ ಬಳಿ ನಿಂತ ನೀರು, ಇವನ್ನೆಲ್ಲ ವಾರದಲ್ಲಿ ಒಂದು ಗೊತ್ತಾದ ದಿನ ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿಗೆ ಒಣಗಲು ಬಿಡಿ. ನೀರು ಚೆಲ್ಲಿದರಷ್ಟೇ ಸಾಲದು, ತಳದಲ್ಲಿ ಉಳಿದ ಒಂದು ಲೋಟ ನೀರಿನಲ್ಲಿ ಡಜನ್‌ಗಟ್ಟಲೆ ಮರಿಗಳು ಉಳಿದುಕೊಳ್ಳುತ್ತವೆ. ಹಾಗೆ ಚೆಲ್ಲುವಾಗ ಒಣ ನೆಲಕ್ಕೆ ಚೆಲ್ಲಿ, ಚರಂಡಿಗಲ್ಲ.

ನಿಮ್ಮದು ಕಾಲುವೆ ನೀರಿನ ಊರು. ಗದ್ದೆಗೆ ಸದಾ ನೀರು ನಿಲ್ಲಿಸುವ ಬದಲು ನಾಟಿಯಾಗಿ ಬೇರು ಹಿಡಿದ ಮೇಲೆ ನೀರು ಕಟ್ಟಿ, ಇಂಗಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಗೆ ಬಂದರೆ ಮರಿಗಳು ರೆಕ್ಕೆ ಬಲಿಯುವ ಮೊದಲೇ ಒಣಗುತ್ತವೆ. ಗದ್ದೆಯಲ್ಲಿ ತೂತು ಕೊರೆದ ಪೈಪಿನ ತುಂಡೊಂದನ್ನು ನೆಟ್ಟು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಕಟ್ಟಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ಕಡಿಮೆಯಾಗಬಾರದು. ಒಬ್ಬರ ಗದ್ದೆಯಲ್ಲಿ ಮಾಡಿದರೆ ನೀರು ಉಳಿಯುತ್ತದೆ, ಅಷ್ಟೇ. ಸೊಳ್ಳೆ ಇಳಿಯಬೇಕಾದರೆ ಒಂದು ತೂಬಿನ ಕೆಳಗಿನ ಎಲ್ಲರೂ ಒಟ್ಟಿಗೆ ಮಾಡಬೇಕು.

ಹೊಗೆ ಬಿಡುವುದರ ಬಗ್ಗೆ: ಅದು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಮನೆಯೊಳಗೆ ಕತ್ತಲ ಮೂಲೆಯಲ್ಲಿ ಕೂತ ಅನಾಫಿಲಿಸ್‌ಗೂ, ಗದ್ದೆಯಲ್ಲಿರುವ ಮರಿಗೂ ಅದರಿಂದ ಏನೂ ಆಗುವುದಿಲ್ಲ.

ಪ್ರಶ್ನೆ: ನಮ್ಮದು ಹಳೆಯ ಮಣ್ಣಿನ ಮನೆ. ದನ ಕಟ್ಟುವುದೂ ನಾವು ಮಲಗುವುದೂ ಒಂದೇ ಸೂರಿನಡಿ. ಮೂರು ವರ್ಷದಲ್ಲಿ ಮನೆಯ ನಾಲ್ವರಿಗೆ ಮಲೇರಿಯಾ ಬಂದಿದೆ. ಎದುರಿನ ಆರ್‌ಸಿಸಿ ಮನೆಯವರಿಗೆ ಒಮ್ಮೆಯೂ ಬಂದಿಲ್ಲ. ಹೊಸ ಮನೆ ಕಟ್ಟಿಸುವ ಶಕ್ತಿ ನಮಗಿಲ್ಲ. ಏನು ಮಾಡಬಹುದು? (ಹುನಗುಂದ ತಾಲ್ಲೂಕು)

ಉತ್ತರ: ನೀವು ಗಮನಿಸಿದ್ದು ಸರಿಯಾಗಿದೆ. ಶ್ರೀಲಂಕಾದ ಕತರಗಾಮದಲ್ಲಿ, ಇದೇ ಕ್ಯೂಲಿಸಿಫೇಸಿಸ್ ಸೊಳ್ಳೆ ಇರುವ ಹಳ್ಳಿಗಳಲ್ಲಿ, 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿತ್ತು. ಮಣ್ಣಿನ ಗೋಡೆ, ಗರಿಯ ಮಾಡು ಇರುವ ಅರೆಬರೆ ಮನೆಗಳವರಿಗೆ, ಗಾರೆ ಗೋಡೆ, ಹೆಂಚಿನ ಮನೆಗಳವರಿಗಿಂತ ಮಲೇರಿಯಾ ಹೆಚ್ಚು ಬರುತ್ತಿತ್ತು. ಆ ದೇಶ 2016ರಲ್ಲಿ ಮಲೇರಿಯಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಘೋಷಣೆ ಪಡೆಯಿತು.

ಮಣ್ಣು ಎಂಬುದೇ ದೋಷವಲ್ಲ. ಮಣ್ಣಿನ ಮನೆಯಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಕೂಡಿಬರುತ್ತವೆ: ಗೋಡೆಯ ತಲೆಗೂ ಮಾಡಿಗೂ ನಡುವೆ ಗೇಣಗಲ ಸಂದು, ಸೊಳ್ಳೆ ಹಗಲೆಲ್ಲ ಕೂರಲು ಬೇಕಾದ ತಂಪು ಕತ್ತಲು, ಮತ್ತು ಪಕ್ಕದಲ್ಲೇ ದನ. ಈ ಸೊಳ್ಳೆಗೆ ಮನುಷ್ಯರಿಗಿಂತ ದನದ ರಕ್ತವೇ ಹೆಚ್ಚು ಇಷ್ಟ. ದನಕ್ಕೆಂದು ಒಳಗೆ ಬರುತ್ತದೆ, ಕುಡಿದು ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ, ಎರಡು ಮೂರು ದಿನಕ್ಕೊಮ್ಮೆ ಮೊಟ್ಟೆಯಿಟ್ಟು ಮತ್ತೆ ರಕ್ತ ಹುಡುಕುತ್ತದೆ. ಆಗ ಅದೇ ಸೂರಿನಡಿ ಮಲಗಿದವರು ಸಿಕ್ಕುತ್ತಾರೆ.

ಖರ್ಚಿಗೆ ತಕ್ಕಂತೆ ಕ್ರಮವಾಗಿ ಹೀಗೆ ಮಾಡಿ. ಮೊದಲು ಇಡೀ ಮನೆಯ ಚಿಂತೆ ಬಿಟ್ಟು ಮಲಗುವ ಕೋಣೆಯೊಂದನ್ನೇ ಹಿಡಿಯಿರಿ. ಸೂರಿನ ಸಂದಿಗೆ ನೈಲಾನ್ ಅಥವಾ ತಂತಿಯ ಜಾಲರಿ ಹೊಡೆಸಿ, ಅದರ ಕಣ್ಣು 1.5 ಮಿ.ಮೀ. ಮೀರಬಾರದು. ಬರೀ ಮೊಳೆ ಹೊಡೆದರೆ ಮೊಳೆಗಳ ನಡುವೆ ಜಾಲರಿ ಉಬ್ಬಿ ದಾರಿಯಾಗುತ್ತದೆ. ಮೇಲೂ ಕೆಳಗೂ ಮರದ ಪಟ್ಟಿ ಇಟ್ಟು ಬಿಗಿಯಬೇಕು, ಗೋಡೆ ಏರುಪೇರಾಗಿರುವ ಕಡೆ ಮಣ್ಣು ಮೆತ್ತಿ ಮುಚ್ಚಬೇಕು. ಮಣ್ಣಿನಿಂದಲೇ ಸಂದನ್ನು ಪೂರ್ತಿ ಮುಚ್ಚಿಬಿಡುತ್ತೇವೆ ಎಂದು ಕೆಲವರು ಹೊರಡುತ್ತಾರೆ. ಕಟ್ಟಿಗೆ ಒಲೆ ಇರುವ ಮನೆಯಲ್ಲಿ ಹಾಗೆ ಮಾಡಬೇಡಿ, ಹೊಗೆ ಹೋಗಲು ದಾರಿಯಿಲ್ಲದೆ ಹೆಂಗಸರ, ಮಕ್ಕಳ ಎದೆಗೆ ತೊಂದರೆಯಾಗುತ್ತದೆ. ಅಡುಗೆಕೋಣೆಗೆ ಜಾಲರಿಯೇ ಸರಿ.

ಎರಡನೆಯದು ಬಾಗಿಲು. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆಂದು ಬಾಗಿಲು ತೆರೆದಿಡುವ ರೂಢಿ ನಮ್ಮಲ್ಲಿದೆ. ರೂಢಿ ಬಿಡಬೇಕಾಗಿಲ್ಲ, ಮರದ ಚೌಕಟ್ಟಿಗೆ ಜಾಲರಿ ಹೊಡೆದ ಎರಡನೇ ಬಾಗಿಲು ಹಾಕಿಸಿದರೆ ದೀಪವೂ ಕಾಣುತ್ತದೆ, ಗಾಳಿಯೂ ಬರುತ್ತದೆ. ಬಾಗಿಲಿನ ಅಡಿಯ ಸಂದಿಗೆ ಗೋಣಿಪಟ್ಟೆ ಹೊಡೆಯಿರಿ.

ಮೂರನೆಯದು ದನ. ಕೊಟ್ಟಿಗೆಯನ್ನು ಬೇರೆ ಮಾಡಲಾಗದಿದ್ದರೆ ನಡುಗೋಡೆಯನ್ನಾದರೂ ಮಾಡಿನವರೆಗೆ ಎತ್ತರಿಸಿ. ಎದೆಯೆತ್ತರದ ಗೋಡೆ ದನವನ್ನು ತಡೆಯುತ್ತದೆ, ಸೊಳ್ಳೆಯನ್ನಲ್ಲ. ಜಾಗವಿದ್ದರೆ ಕೊಟ್ಟಿಗೆಯನ್ನು ಮನೆಯಿಂದಾಚೆ, ನೀರಿರುವ ದಿಕ್ಕಿನ ಕಡೆಗೆ ಕಟ್ಟಿ, ಬರುವ ಸೊಳ್ಳೆಗೆ ಮೊದಲು ದನ ಸಿಗುತ್ತದೆ. ಆದರೆ ದನವೇ ನಮ್ಮನ್ನು ಕಾಯುತ್ತದೆಂದು ನಂಬಿ ಪರದೆ ಬಿಡಬೇಡಿ. ಈ ಉಪಾಯ ಎಲ್ಲ ಕಡೆ ಒಂದೇ ಫಲ ಕೊಟ್ಟಿಲ್ಲ. ಸೊಳ್ಳೆಯ ಜಾತಿ, ದನದ ಸಂಖ್ಯೆ, ಮನೆಯ ದೂರ ಬದಲಾದಂತೆ ಫಲವೂ ಬದಲಾಗುತ್ತದೆ.

ಪ್ರಶ್ನೆ: ಆರೋಗ್ಯ ಇಲಾಖೆಯವರು ಮನೆಯೊಳಗೆ ಔಷಧಿ ಹೊಡೆದು ಹೋದರು. ಗೋಡೆಯೆಲ್ಲ ಬಿಳಿ ಕಲೆ. ಹಬ್ಬ ಬಂತೆಂದು ಸುಣ್ಣ ಬಳಿದೆವು. ಔಷಧಿಯ ಗುಣ ಹೋಯಿತೇ? (ಹಿರಿಯೂರು ತಾಲ್ಲೂಕು)

ಉತ್ತರ: ಹೋಯಿತು. ಆ ಔಷಧಿ ಗಾಳಿಯಲ್ಲಿ ಕೆಲಸ ಮಾಡುವಂಥದ್ದಲ್ಲ, ಗೋಡೆಯ ಮೇಲೆ ಉಳಿದು ಕೆಲಸ ಮಾಡುವಂಥದ್ದು. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ಕೂತಾಗ ಕಾಲಿಗೆ ತಾಗಿ ಸಾಯುತ್ತದೆ. ರೋಗಿಯ ರಕ್ತ ಕುಡಿದ ಸೊಳ್ಳೆಯೊಳಗೆ ಮಲೇರಿಯಾದ ರೋಗಾಣು, ಅಂದರೆ ಪರಾವಲಂಬಿ, ಬೆಳೆದು ಇನ್ನೊಬ್ಬರಿಗೆ ದಾಟಲು ಸುಮಾರು ಹತ್ತು ಹನ್ನೆರಡು ದಿನ ಬೇಕು. ಅಷ್ಟರೊಳಗೆ ಅದು ಹಲವು ಸಲ ಗೋಡೆಯ ಮೇಲೆ ಕೂರಲೇಬೇಕು. ಈ ಸಿಂಪಡಣೆಯ ಗುಟ್ಟೆಲ್ಲ ಅಲ್ಲಿದೆ. ಬಿಳಿ ಕಲೆಯೇ ನಿಮ್ಮ ಕಾವಲು, ಅದರ ಮೇಲೆ ಸುಣ್ಣ, ಕೆಮ್ಮಣ್ಣು, ಸೆಗಣಿ ಏನು ಬಳಿದರೂ ಔಷಧಿ ಅಡಿಗೆ ಸೇರಿಬಿಡುತ್ತದೆ.

ಹೀಗೆ ಹೊಡೆಯುವ ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕ ಗೋಡೆಯ ಮೇಲೆ ಹತ್ತರಿಂದ ಹನ್ನೆರಡು ವಾರ ಉಳಿಯುತ್ತದೆ. ಗಣೇಶನ ಹಬ್ಬ, ದಸರಾ, ದೀಪಾವಳಿ ಒಂದರ ಹಿಂದೆ ಒಂದು ಬರುವುದು ಸೊಳ್ಳೆ ಹೆಚ್ಚುವ ತಿಂಗಳುಗಳಲ್ಲೇ. ಹಾಗಾಗಿ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಂಪಡಣೆಯ ದಿನ ಕೇಳಿಕೊಂಡು, ಅದಕ್ಕೆ ಮೊದಲು ಸುಣ್ಣ ಬಣ್ಣ ಮುಗಿಸಿ, ಗೋಡೆ ಒಣಗಿದ ಮೇಲೆ ಔಷಧಿ ಹೊಡೆಸಿ. ಆಮೇಲೆ ನೆಲ ಸಾರಿಸಬಹುದು, ಗೋಡೆ ಮುಟ್ಟಬೇಡಿ. ದೇವರಕೋಣೆ, ಅಡುಗೆಮನೆ ಬಿಟ್ಟು ಹೊಡೆಯಿರಿ ಎಂದು ಹಲವರು ಹೇಳುತ್ತಾರೆ. ಒಂದು ಕೋಣೆ ಬಿಟ್ಟರೆ ಸೊಳ್ಳೆ ಆ ಕೋಣೆಯಲ್ಲೇ ಕೂರುತ್ತದೆ. ದೇವರ ಪಟ, ಪಾತ್ರೆ, ಕಾಳುಕಡಿ, ಕುಡಿಯುವ ನೀರನ್ನು ಮುಂಚೆ ಹೊರಗಿಟ್ಟು ಪೂರ್ತಿ ಹೊಡೆಸಿ. ಗೋಡೆ ಒಣಗುವವರೆಗೆ ಒಳಗೆ ಹೋಗಬೇಡಿ. ಸತ್ತ ಹುಳುಗಳನ್ನು ಗುಡಿಸಿ ಹೂಳಿ, ಕೋಳಿ ತಿನ್ನದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾವು ರೇಷ್ಮೆ ಸಾಕುವವರು. ಔಷಧಿ ಹೊಡೆಸಿದರೆ ಹುಳು ಸಾಯುತ್ತದೆ. ಹೊಡೆಸದಿದ್ದರೆ ಮಕ್ಕಳಿಗೆ ಜ್ವರ. ನಮ್ಮಂಥವರಿಗೆ ದಾರಿ ಏನು? (ಬಂಗಾರಪೇಟೆ ತಾಲ್ಲೂಕು)

ಉತ್ತರ: ಈ ಪ್ರಶ್ನೆಗೆ ಉತ್ತರ ನಿಮ್ಮ ತಾಲ್ಲೂಕಿನಲ್ಲೇ ಸಿಕ್ಕಿದೆ. 1990ರ ದಶಕದಲ್ಲಿ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿ ಮೀನನ್ನೂ ಕುಂಟೆಗಳಿಗೆ ಗ್ಯಾಂಬೂಸಿಯಾ ಮೀನನ್ನೂ ಬಿಡಿಸಿದರು, ಎರಡೂ ಸೊಳ್ಳೆಮರಿ ತಿನ್ನುವ ಮೀನುಗಳು. ಅಲ್ಲಿ ಕ್ಯೂಲಿಸಿಫೇಸಿಸ್ ಬಾವಿಗಳಲ್ಲೇ ಹೆಚ್ಚಾಗಿ ಹುಟ್ಟುತ್ತಿತ್ತು. ಮೀನು ನೆಲೆನಿಂತ ಹಳ್ಳಿಗಳಲ್ಲಿ ಸೊಳ್ಳೆಯೂ ಮಲೇರಿಯಾವೂ ಇಳಿದವು. ರೇಷ್ಮೆ ಹುಳುವಿಗೆ ಮೀನಿನಿಂದ ಯಾವ ಭಯವೂ ಇಲ್ಲ.

ಮೀನು ಬಿಡುವುದಕ್ಕೂ ಒಂದು ಲೆಕ್ಕವಿದೆ. ನೀರಿನ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಐದರಿಂದ ಹತ್ತು ಮೀನು. ಮೂರು ಮೀಟರ್ ಅಡ್ಡಗಲದ ದುಂಡು ಬಾವಿಯ ಮೇಲ್ಮೈ ಸುಮಾರು 7 ಚದರ ಮೀಟರ್, ಅಂದರೆ 35ರಿಂದ 70 ಮೀನು. ಗಂಡು ಹೆಣ್ಣು ಎರಡೂ ಇರಲಿ. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನು, ಬಾವಿಯಲ್ಲೇ ಸಂತಾನ ಬೆಳೆಸಿಕೊಳ್ಳುತ್ತದೆ. ಬಿಸಿಲೇರುವ ಮೊದಲು ಅಥವಾ ಸಂಜೆ ಸಾಗಿಸಿ. ತಂದ ಕೂಡಲೇ ಸುರಿಯಬೇಡಿ, ಮೀನಿರುವ ಚೀಲವನ್ನು ಕಾಲು ಗಂಟೆ ಬಾವಿಯ ನೀರಿನ ಮೇಲೆ ತೇಲಬಿಡಿ. ನೀರಿನ ಬಿಸಿ ಹೊಂದಿಕೊಂಡ ಮೇಲೆ ಚೀಲ ಬಿಚ್ಚಿ ಮೀನು ತಾವಾಗಿ ಹೊರಡಲಿ.

ಕೆಡುವುದು ಎಲ್ಲಿ ಎಂದರೆ, ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಗೆ ಅದೇ ವಾರ ಮೀನು ಬಿಡುವುದು. ಕ್ಲೋರಿನ್ ವಾಸನೆ ಪೂರ್ತಿ ಹೋಗಿರಬೇಕು. ಬಾವಿಯ ಮೇಲೆ ಪಾಚಿ, ಕಸ, ತೇಲುವ ಎಲೆ ದಟ್ಟವಾಗಿದ್ದರೆ ಮೀನು ಮರಿಗಳನ್ನು ತಲುಪಲಾರದು, ಮೊದಲು ಅದನ್ನು ತೆಗೆಯಿರಿ. ಬೇಸಿಗೆಯಲ್ಲಿ ಬಾವಿ ಬತ್ತಿದರೆ ಮೀನೂ ಹೋಯಿತು, ಮಳೆ ಬಂದ ಮೇಲೆ ಹೊಸದಾಗಿ ಬಿಡಬೇಕು. ಹಾಗಾಗಿ ಊರಿನಲ್ಲಿ ಬತ್ತದ ಒಂದು ತೊಟ್ಟಿಯನ್ನು ಮೀನಿನ ಬೀಜಕ್ಕೆಂದೇ ಇಟ್ಟುಕೊಳ್ಳುವುದು ಜಾಣತನ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿಗೂ ಇದೇ ಕ್ರಮ. ಗ್ಯಾಂಬೂಸಿಯಾವನ್ನು ಮಾತ್ರ ಕೆರೆಗೆ, ಹೊಳೆಗೆ ಬಿಡಬೇಡಿ, ಅದು ನಮ್ಮ ನಾಡಮೀನುಗಳ ಮೊಟ್ಟೆ, ಮರಿಗಳನ್ನು ತಿಂದುಹಾಕುತ್ತದೆ.

ಔಷಧಿ ಲೇಪಿತ ಸೊಳ್ಳೆ ಪರದೆಯನ್ನು ಹುಳುಮನೆಯಿಂದ ದೂರದ ಕೋಣೆಯಲ್ಲಿ ಕಟ್ಟಿ. ಅದನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಹಿಪ್ಪುನೇರಳೆ ಸೊಪ್ಪು ಹಾಕಬೇಡಿ.

ಪ್ರಶ್ನೆ: ಸರ್ಕಾರದಿಂದ ಬಂದ ಪರದೆ ಹಾಕಿದ ಮೊದಲ ರಾತ್ರಿ ಮುಖವೆಲ್ಲ ಉರಿ. ತೊಳೆದು ಹಾಕಿದರೆ ಗುಣ ಹೋಗುತ್ತದೆ ಅನ್ನುತ್ತಾರೆ. ಐದು ಜನರಿಗೆ ಎರಡೇ ಪರದೆ ಕೊಟ್ಟಿದ್ದಾರೆ. (ದೇವದುರ್ಗ ತಾಲ್ಲೂಕು)

ಉತ್ತರ: ಕವರಿನಿಂದ ತೆಗೆದ ಪರದೆಯನ್ನು ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಗಾಳಿಗೆ ಹರಡಬೇಕು. ಆಮೇಲೆ ಉರಿ ಇರುವುದಿಲ್ಲ. ಬಿಸಿಲಿಗೆ ಹಾಕಬೇಡಿ, ಔಷಧಿ ಬೇಗ ಕ್ಷಯಿಸುತ್ತದೆ. ತೊಳೆಯಬಾರದು ಎಂಬುದು ತಪ್ಪು ತಿಳಿವಳಿಕೆ. ಇಂಥ ಪರದೆಯ ಔಷಧಿ ನೂಲಿನೊಳಗೆ ಸೇರಿರುತ್ತದೆ ಅಥವಾ ಅದಕ್ಕೆ ಭದ್ರವಾಗಿ ಲೇಪಿಸಿರುತ್ತದೆ. ಇಪ್ಪತ್ತು ಒಗೆತ, ಸುಮಾರು ಮೂರು ವರ್ಷ ಬಾಳಬೇಕೆಂಬ ಲೆಕ್ಕ ಅದಕ್ಕಿದೆ. ಮೂರು ತಿಂಗಳಿಗೊಮ್ಮೆ, ತಣ್ಣೀರಿನಲ್ಲಿ, ಸಾದಾ ಸೋಪು ಹಾಕಿ ಮೆಲ್ಲನೆ ಹಿಂಡಿ, ನೆರಳಿನಲ್ಲಿ ಒಣಗಿಸಿ. ಕಲ್ಲಿಗೆ ಬಡಿಯಬೇಡಿ, ಬಿಸಿನೀರು, ಬ್ಲೀಚ್ ಬೇಡ. ಕೆರೆಯಲ್ಲಿ ಒಗೆಯಬೇಡಿ, ತೊಳೆದ ನೀರು ಮೀನಿಗೆ ವಿಷ. ನೀರಿನ ಮೂಲದಿಂದ ದೂರ, ಮಣ್ಣಿನ ಗುಂಡಿಗೆ ಸುರಿಯಿರಿ.

ಇಬ್ಬರಿಗೊಂದು ಪರದೆ ಎಂಬುದು ಲೆಕ್ಕ, ಐದು ಜನರಿಗೆ ಮೂರು ಬೇಕು. ಆಶಾ ಕಾರ್ಯಕರ್ತೆಯ ಬಳಿ ಬರೆಸಿ. ಬರುವವರೆಗೆ ಗರ್ಭಿಣಿ, ಬಾಣಂತಿ, ಐದು ವರ್ಷದೊಳಗಿನ ಮಕ್ಕಳು ಮೊದಲು ಪರದೆಯೊಳಗೆ ಮಲಗಲಿ. ಮನೆಯ ಯಜಮಾನನ ಮಂಚಕ್ಕೆ ಪರದೆ, ಮಕ್ಕಳಿಗೆ ಬರೀ ಚಾಪೆ ಎಂಬುದನ್ನು ಬಹಳ ಮನೆಗಳಲ್ಲಿ ಕಾಣುತ್ತೇವೆ. ಇದು ತಿರುಗಿಸಲೇಬೇಕಾದ ಕ್ರಮ.

ಚಾಪೆಯಲ್ಲಿ ಮಲಗುವವರು ಪರದೆಯ ಅಂಚನ್ನು ಚಾಪೆಯ ಅಡಿಗೆ ಒಂದು ಗೇಣಿನಷ್ಟು ಒಳಸೇರಿಸಬೇಕು. ಮೈ ಪರದೆಗೆ ಒತ್ತಿಕೊಳ್ಳದಷ್ಟು ಅಗಲವಾಗಿ ನಾಲ್ಕೂ ಮೂಲೆ ಎಳೆದು ಕಟ್ಟಿ. ತೂತು ಬಿದ್ದರೆ ಅಂದೇ ಸೂಜಿದಾರದಿಂದ ಹೊಲಿಯಿರಿ. ಹಳೆಯದಾಯಿತೆಂದು ತರಕಾರಿ ಮಡಿಗೆ ಬೇಲಿ ಮಾಡುವ ಮೊದಲು ಹೊಸದು ಕೈಗೆ ಬಂದಿರಲಿ, ಔಷಧಿ ಹೋದ ಪರದೆಯೂ ಸೊಳ್ಳೆಯನ್ನು ತಡೆಯುತ್ತದೆ.

ಪ್ರಶ್ನೆ: ಮಗ ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಬಂದ ಹತ್ತು ದಿನಕ್ಕೆ ಜ್ವರ. ಊರಿನಲ್ಲಿ ‘ನಿಮ್ಮ ಹುಡುಗನೇ ರೋಗ ತಂದ’ ಅನ್ನುತ್ತಿದ್ದಾರೆ. ಇದು ನಿಜವೇ? (ಕುಷ್ಟಗಿ ತಾಲ್ಲೂಕು)

ಉತ್ತರ: ರೋಗ ತಂದದ್ದು ಅವನ ತಪ್ಪಲ್ಲ. ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಇದೆ, ಕಟ್ಟಡಗಳ ನಿಂತ ನೀರಿನ ಪಕ್ಕದಲ್ಲೇ ಮಲಗುವ ಕಾರ್ಮಿಕರು ಅದಕ್ಕೆ ಮೊದಲು ತುತ್ತಾಗುತ್ತಾರೆ. ಆದರೆ ಅವನ ರಕ್ತದಲ್ಲಿರುವುದು ನಿಮ್ಮೂರಿನ ಸೊಳ್ಳೆಗೆ ಸಿಕ್ಕಬಾರದು ಎಂಬುದೂ ನಿಜ. ಲೆಕ್ಕ ಹೀಗಿದೆ: ಸೊಳ್ಳೆ ಅವನನ್ನು ಕಚ್ಚಿ ರೋಗ ದಾಟಿಸುವಷ್ಟು ಬಲಿಯಲು ಹತ್ತು ಹನ್ನೆರಡು ದಿನ, ಅದು ಕಚ್ಚಿದ ಇನ್ನೊಬ್ಬರಿಗೆ ಜ್ವರ ಕಾಣಲು ಮತ್ತೆ ಹತ್ತು ಹದಿನೈದು ದಿನ. ಅಂದರೆ ಸುಮಾರು ಒಂದು ತಿಂಗಳ ಮೇಲೆ ಅಕ್ಕಪಕ್ಕದಲ್ಲಿ ಎರಡನೇ ಜ್ವರ ಏಳುತ್ತದೆ. ಅಷ್ಟರಲ್ಲಿ ಮೊದಲ ಜ್ವರದ ನೆನಪೇ ಯಾರಿಗೂ ಇರುವುದಿಲ್ಲ.

ಆದ್ದರಿಂದ ಜ್ವರ ಬಂದ ದಿನವೇ ರಕ್ತ ಪರೀಕ್ಷೆ, ಮತ್ತು ಗುಣವಾಗುವವರೆಗೆ ಪರದೆಯೊಳಗೆ ನಿದ್ದೆ. ‘ನಾನು ಇಂಥ ಊರಿನಲ್ಲಿ ಇದ್ದೆ’ ಎಂದು ಆಶಾ ಅವರಿಗೆ ತಾನಾಗಿ ಹೇಳಬೇಕು. ಜೊತೆಗೆ ಹೋಗಿ ಬಂದವರೂ, ಮನೆಯವರೂ ಜ್ವರ ಇಲ್ಲದಿದ್ದರೂ ರಕ್ತ ಲೇಪನ (ಗಾಜಿನ ಸ್ಲೈಡಿಗೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಕೊಡುವುದು ಒಳ್ಳೆಯದು.

ಆಶಾ ಬಳಿ ಇರುವ ಕಿಟ್ ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಕೊಡುತ್ತದೆ. ‘ಸಿ’ ಎಂಬ ಕಡೆ ಗೆರೆ ಮೂಡದಿದ್ದರೆ ಆ ಕಿಟ್ ಕೆಟ್ಟಿದೆ, ಬೇರೆಯದರಲ್ಲಿ ಮಾಡಿಸಿ. ಬಿಸಿಲಿಗೆ ಬಿದ್ದ ಕಿಟ್ ಮೋಸ ಮಾಡುತ್ತದೆ. ನೆಗೆಟಿವ್ ಬಂದೂ ಜ್ವರ ಬಿಡದಿದ್ದರೆ ಒಂದೆರಡು ದಿನದಲ್ಲಿ ಮತ್ತೊಮ್ಮೆ ರಕ್ತ ಲೇಪನ ಮಾಡಿಸಿ. ಇದಕ್ಕೆ ವ್ಯತಿರಿಕ್ತವಾಗಿ, ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾ ಗುಣವಾದ ಮೇಲೂ ಕಿಟ್ ಕೆಲವು ವಾರ ಪಾಸಿಟಿವ್ ತೋರಿಸಬಹುದು. ರಕ್ತದಲ್ಲಿ ಉಳಿದ ಪ್ರೋಟೀನನ್ನು ಅದು ಹಿಡಿಯುವುದರಿಂದ ಹೀಗಾಗುತ್ತದೆ. ಗುಣವಾಯಿತೇ ಎಂದು ನೋಡಲು ಸ್ಲೈಡೇ ಸರಿ.

ಪ್ರಶ್ನೆ: ವೈವಾಕ್ಸ್ ಬಗೆಯ ಮಲೇರಿಯಾ ಎಂದು ಹೇಳಿ ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಹೊಟ್ಟೆ ಸಂಕಟವೆಂದು ಮಾತ್ರೆ ನಿಲ್ಲಿಸಿದೆ. ಎರಡು ತಿಂಗಳ ಮೇಲೆ ಮತ್ತೆ ಅದೇ ಜ್ವರ. ಮಾತ್ರೆ ಕಳಪೆಯದೇ? (ಪಾವಗಡ ತಾಲ್ಲೂಕು)

ಉತ್ತರ: ಮಾತ್ರೆ ಎರಡು ಬಗೆಯದು, ಕೆಲಸವೂ ಎರಡು. ಮೊದಲ ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಆದರೆ ವೈವಾಕ್ಸ್‌ನ ಒಂದು ಪಾಲು ಪಿತ್ತಜನಕಾಂಗದಲ್ಲಿ ನಿದ್ದೆ ಹೋದಂತೆ ಅಡಗಿರುತ್ತದೆ. ಅದು ಕೆಲವು ವಾರದಿಂದ ಹಿಡಿದು ವರ್ಷದವರೆಗೂ ಯಾವಾಗ ಬೇಕಾದರೂ ಎದ್ದು ಬರಬಹುದು, ಅದಕ್ಕೆ ಹೊಸ ಸೊಳ್ಳೆ ಕಚ್ಚಬೇಕಾಗಿಲ್ಲ. ಅದನ್ನು ಕೊಲ್ಲುವುದು ಪ್ರೈಮಾಕ್ವಿನ್, ವಯಸ್ಕರಿಗೆ ದಿನಕ್ಕೆ 15 ಮಿ.ಗ್ರಾಂ.ನಂತೆ 14 ದಿನ. ಮೂರನೇ ದಿನ ನಿಲ್ಲಿಸಿದರೆ ಅರ್ಧ ಕಳೆ ಕಿತ್ತು ಬೇರು ಬಿಟ್ಟಂತೆ.

ಹೊಟ್ಟೆ ಸಂಕಟ ಸಾಮಾನ್ಯವಾಗಿ ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದ್ದರಿಂದ. ಊಟವಾದ ಮೇಲೆ ನುಂಗಿ. ಕ್ಯಾಲೆಂಡರಿನಲ್ಲಿ 14 ದಿನಕ್ಕೆ ಗುರುತು ಹಾಕಿ, ದಿನವೂ ಮನೆಯ ಒಬ್ಬರ ಎದುರಿಗೇ ತೆಗೆದುಕೊಳ್ಳಿ. ಒಂದು ಎಚ್ಚರಿಕೆ: ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರಿಗೆ, ವರ್ಷ ತುಂಬದ ಕೂಸಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಮಿಕ್ಕ ಮಾತ್ರೆಯನ್ನು ಪಕ್ಕದ ಮನೆಗೆ ಕೊಡುವ ಅಭ್ಯಾಸ ಅದಕ್ಕೇ ಅಪಾಯಕಾರಿ. ಈಗ ನೀವು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಹಿಂದೆ ಅರ್ಧಕ್ಕೆ ಬಿಟ್ಟದ್ದನ್ನು ವೈದ್ಯರಿಗೆ ಮರೆಮಾಚದೆ ಹೇಳಿ.

ಪ್ರಶ್ನೆ: ಬೇವಿನ ಹೊಗೆ, ಪಪ್ಪಾಯ ಎಲೆ ರಸ ಮಲೇರಿಯಾಕ್ಕೆ ಆಗುತ್ತದೆಯೇ? (ಮೂವರು ಓದುಗರು)

ಉತ್ತರ: ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಇರುತ್ತದೆ, ಸಾಯುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸಿದ್ದರೆ ಹೊಗೆಯೇ ಹಾನಿ. ಪಪ್ಪಾಯ ರಸ ಮಲೇರಿಯಾಕ್ಕೆ ಔಷಧಿಯಲ್ಲ.

ಪ್ರಶ್ನೆ: ನನ್ನ ಸೊಸೆ ಐದು ತಿಂಗಳ ಗರ್ಭಿಣಿ. ಜ್ವರ ಬಂದರೆ ಎರಡು ದಿನ ಕಾಯಬಹುದೇ? (ಸುರಪುರ ತಾಲ್ಲೂಕು)

ಉತ್ತರ: ಒಂದು ದಿನವೂ ಕಾಯಬೇಡಿ. ಗರ್ಭಿಣಿಗೆ ಮಲೇರಿಯಾ ಬಂದರೆ ತಾಯಿಗೆ ರಕ್ತಹೀನತೆ, ಗರ್ಭಪಾತ, ಕಡಿಮೆ ತೂಕದ ಮಗು, ಇವೆಲ್ಲದರ ಭಯವಿದೆ. ‘ಚಳಿ ನಡುಗಿ ದಿನ ಬಿಟ್ಟು ದಿನ ಬಂದರೆ ಮಾತ್ರ ಮಲೇರಿಯಾ’ ಎಂಬ ಮಾತನ್ನು ನಂಬಿ ಕೂರಬೇಡಿ, ಮೊದಲ ದಿನಗಳಲ್ಲಿ ಅದು ಯಾವ ಜ್ವರದಂತೆಯೂ ಇರಬಹುದು. ಯಾರಿಗೇ ಆಗಲಿ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಪರು ಕವಿದರೆ, ಉಸಿರು ಜೋರಾದರೆ, ಮೂತ್ರ ಕಪ್ಪಾದರೆ ಆಶಾ ಮನೆಗಲ್ಲ, ನೇರ ಆಸ್ಪತ್ರೆಗೆ. ಫಾಲ್ಸಿಪಾರಂ ಮಲೇರಿಯಾ ಒಂದೆರಡು ದಿನದಲ್ಲೇ ಮೆದುಳಿಗೆ ಏರಬಲ್ಲದು.

ಪ್ರಶ್ನೆ: ಮನೆಯಲ್ಲಿ ಎಲ್ಲ ಸರಿಮಾಡಿದ್ದೇವೆ. ಆದರೆ ಕಾಡುಹಂದಿ ಕಾಟಕ್ಕೆ ರಾತ್ರಿ ಹೊಲ ಕಾಯಲು ಹೋಗಲೇಬೇಕು. ಅಲ್ಲಿ ಏನು ಮಾಡುವುದು? (ಹನೂರು ತಾಲ್ಲೂಕು)

ಉತ್ತರ: ಮನೆಯ ಮಲೇರಿಯಾ ಎಷ್ಟೋ ಸಲ ಹೊಲದಿಂದ ಬಂದದ್ದು. ಹಳ್ಳದ ಪಕ್ಕ, ಗೋಡೆಯಿಲ್ಲದ ಅಟ್ಟಣೆಯಲ್ಲಿ, ಸೊಳ್ಳೆ ಹೆಚ್ಚು ಕಚ್ಚುವ ಹೊತ್ತಿನಲ್ಲೇ ಕೂತಿರುತ್ತೀರಿ. ಅಟ್ಟಣೆಯನ್ನು ನೀರಿನಿಂದ ಆದಷ್ಟು ದೂರ, ಹೊಲದ ಎತ್ತರದ ಕಡೆ ಕಟ್ಟಿ. ನಾಲ್ಕು ಗೂಟಕ್ಕೆ ಅಡ್ಡಗಳ ಕಟ್ಟಿದರೆ ಒಬ್ಬರ ಪರದೆ ಅಲ್ಲೂ ನಿಲ್ಲುತ್ತದೆ. ಒಳಗಿಂದಲೇ ಬ್ಯಾಟರಿ ಬಿಡಬಹುದು, ತಮಟೆ ಬಡಿಯಬಹುದು. ಪರದೆ ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಡುವ ಬದಲು ಚಾಪೆಯ ಅಡಿಗೆ ತುರುಕಿ. ಎದ್ದು ಸುತ್ತುವಾಗ ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಇರಲಿ. ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಮುಲಾಮನ್ನು ಕಣಕಾಲು, ಪಾದ, ಮುಂಗೈ, ಕತ್ತಿಗೆ ಹಚ್ಚಿ. ಬೆವರಿದರೆ ಅದರ ಗುಣ ಬೇಗ ಇಳಿಯುವುದರಿಂದ ಡಬ್ಬಿಯ ಮೇಲೆ ಬರೆದ ಗಂಟೆಗೆ ತಕ್ಕಂತೆ ಮತ್ತೆ ಹಚ್ಚಬೇಕು. ಇಬ್ಬರು ಸರದಿಯಲ್ಲಿ ಕಾಯುವುದಾದರೆ ಮಲಗುವವರು ಪರದೆಯೊಳಗೆ, ಎದ್ದವರು ಮುಲಾಮು ಹಚ್ಚಿಕೊಂಡು. ಬೆಳಿಗ್ಗೆ ಮನೆಗೆ ಬಂದು ಪಡಸಾಲೆಯ ಕತ್ತಲ ಮೂಲೆಯಲ್ಲಿ ಒರಗುವಾಗಲೂ ಪರದೆ ಬಿಡಬೇಡಿ.